ಬರೆಯುವುದಕ್ಕಿಂತ ಕೇಳುವುದೇ ಜಾಸ್ತಿ

ಫ್ರೀಲ್ಯಾನ್ಸ್ ಆಗಿ, ಅಂದರೆ ನೌಕರಿಗೆ ಸೇರದೆ ಲೇಖನಕ್ಕಿಷ್ಟು ಅಂತ ಬರೆಯಬೇಕು ಅಂತ ಹೊರಟವರು ನನ್ನ ಹತ್ತಿರ ಬಂದರೆ ಸಾಮಾನ್ಯವಾಗಿ ಒಂದು ಲೇಖನವನ್ನು ಜೊತೆಗೇ ತಂದಿರುತ್ತಾರೆ. ಓದಿ, ಹೇಗಿದೆ ಹೇಳಿ ಅನ್ನುತ್ತಾರೆ. ಎಷ್ಟೋ ಸಲ ಲೇಖನ ಚೆನ್ನಾಗಿಯೇ ಇರುತ್ತದೆ. ನಡುವೆ ಸ್ವಲ್ಪ ಎಳೆದಂತಾಗಿದೆ, ಮೊದಲ ಪ್ಯಾರಾ ತೆಗೆದರೂ ನಡೆಯುತ್ತದೆ, ಅಷ್ಟೇ. ಆಮೇಲೆ ನಾನು ಕೇಳುತ್ತೇನೆ: ಇದನ್ನು ಯಾರಿಗೆ ಕಳಿಸಿದಿರಿ? ಉತ್ತರ ತಡವರಿಸುತ್ತದೆ. ಇನ್ನೂ ಕಳಿಸಿಲ್ಲ, ಇನ್ನೊಂದು ಸಲ ತಿದ್ದಬೇಕು, ಆ ಸಂಪಾದಕರ ಪರಿಚಯ ಇಲ್ಲ, ಸುಮ್ನೆ ಅವರಿಗೆ ತೊಂದರೆ ಕೊಟ್ಟ ಹಾಗಾಗುತ್ತೆ ಅಲ್ವಾ?

ಈ ದಾಕ್ಷಿಣ್ಯ ಇದೆಯಲ್ಲ, ಇದರ ಬಗ್ಗೆಯೇ ಬರೆಯೋಣ ಅನ್ನಿಸಿತು. ಚೆನ್ನಾಗಿ ಬರೆಯುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಈ ವೃತ್ತಿಗೆ ಕಾಲಿಟ್ಟವರನ್ನು ಮೊದಲ ವರ್ಷದಲ್ಲೇ ಸುಸ್ತು ಮಾಡುವುದು ಮಾತ್ರ ಬೇರೆ. ಕೆಲಸ ಕೇಳಬೇಕು. ಎಷ್ಟು ಕೊಡುತ್ತೀರಿ ಅಂತ ಕೇಳಬೇಕು. ಕರಾರಿನಲ್ಲಿ ಈ ಸಾಲು ಯಾಕಿದೆ ಅಂತ ಕೇಳಬೇಕು. ಬರೆದು ಕೊಟ್ಟು ತಿಂಗಳುಗಳಾದ ಮೇಲೆ ದುಡ್ಡು ಎಲ್ಲಿ ಅಂತಲೂ ಕೇಳಬೇಕು. ನೌಕರಿಯಲ್ಲಾದರೆ ಈ ಮಾತುಕತೆ ಸೇರುವಾಗ ಒಮ್ಮೆ ಮುಗಿಯುತ್ತದೆ. ಇಲ್ಲಿ ಪ್ರತಿ ಲೇಖನಕ್ಕೂ ಮೊದಲಿಂದ ಶುರು. ಬಾಯಿ ಬಿಟ್ಟು ಕೇಳಲು ಬಾರದವರು ಎಷ್ಟೇ ಚೆನ್ನಾಗಿ ಬರೆದರೂ ಇಲ್ಲಿ ಉಳಿಯುವುದು ಕಷ್ಟ. ಕೇಳಲು ಬರುವ ಸಾಧಾರಣ ಬರಹಗಾರರು ಆರಾಮಾಗಿ ಉಳಿದುಕೊಂಡಿದ್ದಾರೆ. ಅನ್ಯಾಯ ಅನ್ನಿಸಬಹುದು. ಆದರೆ ಇರುವುದು ಹೀಗೆ.

ಮೊದಲು ಕೇಳಬೇಕಾದದ್ದು ಕೆಲಸ. ಅದಕ್ಕೆ ಬರೆಯುವ ಪತ್ರವೇ ಪಿಚ್. ಇಂಥದ್ದೊಂದು ಲೇಖನ ಬರೆಯಬೇಕೆಂದಿದ್ದೇನೆ, ನಿಮಗೆ ಬೇಕೇ ಅಂತ ಸಂಪಾದಕರನ್ನು ಕೇಳುವುದು. ಹೊಸಬರ ಪಿಚ್‌ಗಳಲ್ಲಿ ಹೆಚ್ಚಾಗಿ ವಿಷಯ ಇರುತ್ತದೆ, ಕಥೆ ಇರುವುದಿಲ್ಲ. "ನಿದ್ದೆಯ ಮಹತ್ವದ ಬಗ್ಗೆ ಬರೆಯಲೇ?" ಅಂತ ಕೇಳಿದರೆ ಸಂಪಾದಕರು ಹ್ಞೂಂ ಅನ್ನಲೂ ಆಗದು, ಊಹ್ಞೂಂ ಅನ್ನಲೂ ಆಗದು. ರಾತ್ರಿ ಪಾಳಿಯ ನರ್ಸ್‌ಗಳು ಹಗಲು ನಿದ್ದೆಯನ್ನು ಹೇಗೆ ಹೊಂದಿಸಿಕೊಳ್ಳುತ್ತಾರೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಏನು ಮಾಡುತ್ತಾರೆ, ಮೂರು ಜನ ಮಾತಾಡಲು ಒಪ್ಪಿದ್ದಾರೆ ಅಂತ ಬರೆದರೆ ಅಲ್ಲಿ ಒಂದು ಲೇಖನ ಕಾಣಿಸುತ್ತದೆ. ಇದು ಈಗಲೇ ಯಾಕೆ ಬರಬೇಕು, ನಿಮ್ಮ ಓದುಗರಿಗೇ ಯಾಕೆ, ಎಷ್ಟು ಪದ, ಯಾವಾಗ ಕೊಡುತ್ತೇನೆ, ಇಷ್ಟು ಸೇರಿಸಿದರೆ ಪಿಚ್ ಮುಗಿಯಿತು. ಫೋನಿನ ಪರದೆಯಲ್ಲಿ ಜಾಸ್ತಿ ಸರಿಸದೆ ಓದುವಷ್ಟು ಉದ್ದ ಸಾಕು. ನಿಮ್ಮ ಪತ್ರಿಕೆಯನ್ನು ಚಿಕ್ಕಂದಿನಿಂದ ಓದುತ್ತಿದ್ದೇನೆ ಅನ್ನುವ ಸಾಲು ಬೇಡ. ಎಲ್ಲರೂ ಅದನ್ನೇ ಬರೆಯುತ್ತಾರೆ.

ಸಮಯದ ಲೆಕ್ಕವೂ ಬೇಕು. ಅಚ್ಚಾಗುವ ಮಾಸಪತ್ರಿಕೆಗಳು ಮೂರರಿಂದ ಆರು ತಿಂಗಳು ಮುಂಚೆಯೇ ಸಂಚಿಕೆ ಯೋಜಿಸುತ್ತವೆ. ವರ್ಷಾಂತ್ಯದ ಸಂಚಿಕೆಗೆ ನವೆಂಬರ್‌ನಲ್ಲಿ ಪಿಚ್ ಮಾಡಿದರೆ ಆ ಸಂಚಿಕೆ ಆಗಲೇ ಮುದ್ರಣಕ್ಕೆ ಹೊರಟಿರುತ್ತದೆ. ವೆಬ್‌ನಲ್ಲಿ ಇದು ವಾರಗಳ ಲೆಕ್ಕ. ಸುದ್ದಿಗೆ ಅಂಟಿಕೊಂಡ ಲೇಖನವಾದರೆ ಗಂಟೆಗಳ ಲೆಕ್ಕ.

ಆಮೇಲೆ ಬರುವುದು ಮೌನ. ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಬೇಡ ಅಂತ ಉತ್ತರ ಬರುವುದು ಎಷ್ಟೋ ವಾಸಿ. ಹೆಚ್ಚಿನ ಪಿಚ್‌ಗಳಿಗೆ ಏನೂ ಬರುವುದಿಲ್ಲ. ಕಳಿಸಿದವರು ಕೂತು ಅದಕ್ಕೆ ಅರ್ಥ ಹಚ್ಚುತ್ತಾರೆ: ನನ್ನ ಬರವಣಿಗೆ ಹಿಡಿಸಲಿಲ್ಲ, ನನ್ನನ್ನು ಕಂಡು ನಕ್ಕಿರಬೇಕು, ಇನ್ನು ಅಲ್ಲಿಗೆ ಕಳಿಸುವ ಹಾಗಿಲ್ಲ. ನಾನು ಸ್ವಲ್ಪ ಕಾಲ ಪತ್ರಿಕೆಯ ಡೆಸ್ಕ್‌ನಲ್ಲೂ ಕೂತವನು, ಹಾಗಾಗಿ ಆ ಕಡೆಯ ಚಿತ್ರವೂ ಗೊತ್ತು. ಬೆಳಿಗ್ಗೆ ಒಂದು ಒಳ್ಳೆಯ ಪಿಚ್ ಬರುತ್ತದೆ. ಆಮೇಲೆ ನೋಡೋಣ ಅಂದುಕೊಳ್ಳುತ್ತೀರಿ. ಅಷ್ಟರಲ್ಲಿ ಒಂದು ಪುಟದ ಜಾಹೀರಾತು ರದ್ದಾಗುತ್ತದೆ, ಆ ಜಾಗ ತುಂಬಬೇಕು. ಮೀಟಿಂಗ್‌ಗೆ ಕರೆ ಬರುತ್ತದೆ. ಸಂಜೆ ಹೊತ್ತಿಗೆ ಆ ಮೇಲ್ ನೂರು ಮೇಲ್‌ಗಳ ಕೆಳಗೆ ಹೋಗಿರುತ್ತದೆ. ಬೇಕು ಅಂತ ಯಾರೂ ತಳ್ಳಿದ್ದಲ್ಲ. ಒಂದೆರಡು ವಾರ ಬಿಟ್ಟು ಅದೇ ಮೇಲ್‌ಗೆ "ಇದನ್ನು ನೋಡಲು ಸಮಯ ಸಿಕ್ಕಿತೇ?" ಅಂತ ಎರಡು ಸಾಲು ಬರೆದವರ ಮೇಲೆ ನನಗೆ ಸಿಟ್ಟು ಬಂದದ್ದು ನೆನಪಿಲ್ಲ. ಸಮಾಧಾನವೇ ಆಗುತ್ತಿತ್ತು. ನಾನು ಹುಡುಕಬೇಕಾದದ್ದನ್ನು ಅವರೇ ಮೇಲಕ್ಕೆ ತಂದಿಟ್ಟಿದ್ದರು.

ಎರಡನೇ ಮೇಲ್‌ಗೂ ಉತ್ತರ ಇಲ್ಲದಿದ್ದರೆ ಇಂಥ ದಿನದ ತನಕ ಕಾಯುತ್ತೇನೆ, ಆಮೇಲೆ ಬೇರೆ ಕಡೆ ಕಳಿಸುತ್ತೇನೆ ಅಂತ ತಿಳಿಸಿ ಮುಂದೆ ಹೋಗಬೇಕು. ಇದು ಬೆದರಿಕೆ ಅಲ್ಲ, ವ್ಯವಹಾರ.

ಐಡಿಯಾ ಕದ್ದುಬಿಟ್ಟರೆ? ಪಿಚ್ ಮಾಡಲು ಹಿಂಜರಿಯುವವರ ಇನ್ನೊಂದು ಕಾರಣ ಇದು. ಕಾನೂನಿನಲ್ಲಿ ಐಡಿಯಾಕ್ಕೆ ರಕ್ಷಣೆ ಇಲ್ಲ ಅನ್ನುವುದು ನಿಜ. ಕಾಪಿರೈಟ್ ಇರುವುದು ನೀವು ಬರೆದ ರೂಪಕ್ಕೆ, ತಲೆಯಲ್ಲಿ ಹೊಳೆದದ್ದಕ್ಕಲ್ಲ. ಆದರೆ ಒಂದೇ ಐಡಿಯಾ ಒಂದೇ ತಿಂಗಳಲ್ಲಿ ಸಂಬಂಧವೇ ಇಲ್ಲದ ಇಬ್ಬರು ಮೂವರಿಂದ ಬರುವುದನ್ನು ಡೆಸ್ಕ್‌ನಲ್ಲಿ ಕೂತಾಗ ಎಷ್ಟೋ ಸಲ ನೋಡಿದ್ದೇನೆ. ಕದಿಯುವವರು ಇಲ್ಲವೇ ಇಲ್ಲ ಅನ್ನುವುದಿಲ್ಲ. ನಾವು ಹೆದರುವಷ್ಟು ಜನ ಇಲ್ಲ. ಪಿಚ್‌ನಲ್ಲಿ ನಿಮಗೆ ಮಾತ್ರ ಸಿಗುವ ಏನೋ ಒಂದು ಇದ್ದರೆ, ಯಾರೋ ಮಾತಾಡಲು ಒಪ್ಪಿರುವುದೋ, ನೀವೇ ಕೂತು ಜೋಡಿಸಿದ ದಾಖಲೆಯೋ, ಕದ್ದವರಿಗೂ ಅದರಿಂದ ಉಪಯೋಗ ಆಗದು.

ಬಿಟ್ಟಿ ಬರಹದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಡಸು. ಹೆಸರು ಬರುತ್ತೆ, ನಾಲ್ಕು ಜನ ನೋಡುತ್ತಾರೆ, ಸದ್ಯಕ್ಕೆ ಸಂಭಾವನೆ ಇಲ್ಲ ಅನ್ನುವ ಮಾತು ಹೊಸಬರಿಗೆ ಮೊದಲ ವಾರದಲ್ಲೇ ಕೇಳಿಸುತ್ತದೆ. ಅಲ್ಲಿ ಬೇರೆ ಯಾರಿಗಾದರೂ ಸಂಬಳ ಸಿಗುತ್ತಿದೆಯೇ ಅಂತ ನೋಡಿ. ಡಿಸೈನರ್‌ಗೆ, ಜಾಹೀರಾತು ತರುವವರಿಗೆ, ಸರ್ವರ್ ಇಟ್ಟ ಕಂಪನಿಗೆ ದುಡ್ಡು ಹೋಗುತ್ತಿದ್ದು ಬರೆಯುವವರಿಗೆ ಮಾತ್ರ ಹೆಸರು ಸಾಕು ಅಂದರೆ, ಹೆಸರು ಬೇಡ ಅನ್ನಬಹುದು. ಎಲ್ಲರೂ ಪುಕ್ಕಟೆ ದುಡಿಯುವ ಸಣ್ಣ ಪತ್ರಿಕೆ, ನಿಮಗೆ ಅದರ ಮೇಲೆ ಪ್ರೀತಿ ಅಂದರೆ ಬರೆಯಿರಿ, ಅದು ಬೇರೆ ಮಾತು. ಮಾದರಿ ಲೇಖನಗಳು ಬೇಕು, ಅದಕ್ಕೆ ಬಿಟ್ಟಿ ಬರೆಯಲೇಬೇಕು ಅನ್ನುವುದಾದರೆ ನಿಮ್ಮ ಸ್ವಂತ ಜಾಗದಲ್ಲಿ ಬರೆದು ಹಾಕಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸಂಪಾದಕರು ನೋಡುವುದು ಮೂರು ಒಳ್ಳೆಯ ಲೇಖನ, ಅವು ಎಲ್ಲಿ ಬಂದವು ಅನ್ನುವುದು ಆಮೇಲೆ.

ಬಿಡ್ ಮಾಡಿ, ಅಂದರೆ ಪೈಪೋಟಿಯಲ್ಲಿ ದರ ಹೇಳಿ ಕೆಲಸ ಹಿಡಿಯುವ ಆನ್‌ಲೈನ್ ವೇದಿಕೆಗಳ ಬಗ್ಗೆಯೂ ಕೇಳುತ್ತಾರೆ. ಇಲಾನ್ಸ್ ಮತ್ತು ಓಡೆಸ್ಕ್ ಅಂತ ಎರಡಿದ್ದವು, 2013ರ ಕೊನೆಯಲ್ಲಿ ಒಂದಾಗಲು ನಿರ್ಧರಿಸಿದವು, 2015ರಲ್ಲಿ ಅಪ್‌ವರ್ಕ್ ಅಂತ ಹೆಸರಾಯಿತು. ಅಂಥ ಕಡೆ ಶುರು ಮಾಡಿ ಚೆನ್ನಾಗಿ ಬೆಳೆದವರೂ ಇದ್ದಾರೆ. ಆದರೆ ಅಲ್ಲಿ ಕೇಳುವವರು ಸಾವಿರ, ಮೊದಲು ಕಣ್ಣಿಗೆ ಬೀಳುವುದು ದರ. ಕೆಲಸದ ಅಂದಾಜು ಕಲಿಯಲು ಸರಿ, ಅಲ್ಲೇ ನೆಲೆಸಬೇಡಿ.

ಇನ್ನು ಬೆಲೆ. ಎಲ್ಲಕ್ಕಿಂತ ನಾಚಿಕೆ ಆಗುವುದು ಇಲ್ಲಿ.

ಪದಕ್ಕೆ ಇಷ್ಟು, ಲೇಖನಕ್ಕೆ ಇಷ್ಟು, ಗಂಟೆಗೆ ಇಷ್ಟು ಅಂತ ಬೇರೆ ಬೇರೆ ಲೆಕ್ಕಗಳಿವೆ. ಪದದ ಲೆಕ್ಕ ನೋಡಲು ಸರಳ. ಸಾವಿರ ಪದ, ಪದಕ್ಕೆ ಇಷ್ಟು, ಗುಣಿಸಿದರೆ ಆಯಿತು. ಆದರೆ ಸಾವಿರ ಪದದ ಒಂದು ಲೇಖನ ಒಂದು ಮಧ್ಯಾಹ್ನದಲ್ಲಿ ಮುಗಿಯಬಹುದು, ಇನ್ನೊಂದಕ್ಕೆ ಎರಡು ವಾರ ಬೇಕಾಗಬಹುದು. ಎಷ್ಟು ಜನರ ಜೊತೆ ಮಾತಾಡಬೇಕು, ಅವರು ಫೋನಿಗೆ ಸಿಗುತ್ತಾರೋ ಹೋಗಿಯೇ ನೋಡಬೇಕೋ, ಧ್ವನಿಮುದ್ರಣ ಕೇಳಿ ಬರೆದುಕೊಳ್ಳುವವರು ಯಾರು, ಎಷ್ಟು ಸಲ ತಿದ್ದಿಕೊಡಬೇಕು, ಫೋಟೋ ಯಾರದ್ದು? ಇದೆಲ್ಲ ಗೊತ್ತಾಗದೆ ದರ ಹೇಳುವುದು ಅಳತೆ ತೆಗೆಯದೆ ಹೊಲಿಗೆ ಕೂಲಿ ಹೇಳಿದ ಹಾಗೆ. ಹಾಗಾಗಿ "ಎಷ್ಟು ತಗೋತೀರಿ?" ಅಂತ ಕೇಳಿದರೆ ತಕ್ಷಣ ಅಂಕಿ ಹೇಳಬೇಕಿಲ್ಲ. ಮೊದಲು ಇಷ್ಟನ್ನು ಕೇಳಿ. ಕೊನೆಗೆ, ಇದಕ್ಕೆ ನಿಮ್ಮಲ್ಲಿ ಬಜೆಟ್ ಎಷ್ಟಿದೆ ಅಂತಲೂ ಕೇಳಿ. ಎಷ್ಟೋ ಸಲ ಅಂಕಿ ಅವರ ಬಾಯಿಂದಲೇ ಬರುತ್ತದೆ, ಅದು ನೀವು ಹೇಳಬೇಕೆಂದಿದ್ದಕ್ಕಿಂತ ಜಾಸ್ತಿಯೂ ಇರಬಹುದು.

ನಿಮ್ಮದೇ ಒಂದು ಅಂಕಿ ಮನಸ್ಸಿನಲ್ಲಿ ಇರಲೇಬೇಕು. ಅದರ ಲೆಕ್ಕ ಕಷ್ಟವಿಲ್ಲ. ವರ್ಷಕ್ಕೆ ಬದುಕಲು ಬೇಕಾದದ್ದು, ಅದರ ಮೇಲೆ ತೆರಿಗೆ, ವಿಮೆ, ಕಂಪ್ಯೂಟರ್, ಕಾಯಿಲೆ ಬಿದ್ದ ದಿನಗಳು. ಇದನ್ನು ದುಡ್ಡು ತರುವ ಗಂಟೆಗಳಿಂದ ಭಾಗಿಸಿ. ದಿನಕ್ಕೆ ಎಂಟು ಗಂಟೆ ಕೂತರೆ ಎಂಟೂ ದುಡ್ಡಿನ ಗಂಟೆಗಳಲ್ಲ. ಪಿಚ್ ಬರೆಯುವುದು, ಓದುವುದು, ಲೆಕ್ಕಪತ್ರ, ಮೇಲ್, ಇವಕ್ಕೆ ಯಾರೂ ಕೊಡುವುದಿಲ್ಲ. ಶುರುವಿನಲ್ಲಿ ಅರ್ಧ ದಿನ ದುಡ್ಡಿನ ಕೆಲಸಕ್ಕೆ ಸಿಕ್ಕರೆ ಪುಣ್ಯ. ಹೀಗೆ ಬಂದ ಅಂಕಿ ನೋಡಿ ಹೊಸಬರು ಗಾಬರಿಯಾಗುತ್ತಾರೆ, ಇಷ್ಟು ಯಾರು ಕೊಡುತ್ತಾರೆ ಅಂತ. ಕೆಲವರು ಕೊಡುವುದಿಲ್ಲ. ಆಗ ಅದು ನಿಮಗೆ ನಷ್ಟದ ಕೆಲಸ ಅನ್ನುವುದಾದರೂ ಗೊತ್ತಿರುತ್ತದೆ. ಹೆಸರಿಗಾಗಿಯೋ ಕಲಿಕೆಗಾಗಿಯೋ ಗೊತ್ತಿದ್ದೇ ಒಪ್ಪಿಕೊಳ್ಳಬಹುದು.

ದರ ಹೇಳಿದ ಮೇಲೆ ಸುಮ್ಮನಿರಬೇಕು. ಇದು ಬಹಳ ಕಷ್ಟ. ಅಂಕಿ ಹೇಳಿದ ಮರುಕ್ಷಣವೇ "ಜಾಸ್ತಿ ಅನ್ನಿಸಿದರೆ ನೋಡೋಣ, ಏನೂ ತೊಂದರೆ ಇಲ್ಲ" ಅನ್ನುವ ಬಾಲ ತಾನಾಗಿಯೇ ಬರುತ್ತದೆ. ಆ ಬಾಲ ಕೇಳಿದ ಮೇಲೆ ಯಾರು ತಾನೇ ಪೂರ್ತಿ ಕೊಡುತ್ತಾರೆ?

ಕರಾರು ಬಂದಾಗ ಓದಿ. ಇಷ್ಟು ಸಾಮಾನ್ಯ ಮಾತು ಹೇಳಬೇಕೇ ಅನ್ನಬೇಡಿ, ಸಹಿ ಹಾಕಿ ಕಳಿಸಿಬಿಡುವವರೇ ಜಾಸ್ತಿ. ಮೊದಲು ನೋಡಬೇಕಾದದ್ದು ಹಕ್ಕಿನ ಸಾಲು. ಸಾಹಿತ್ಯ ಕೃತಿಗಳ ಹಕ್ಕಿನ ಬಗ್ಗೆ 1886ರಲ್ಲಿ ದೇಶಗಳ ನಡುವೆ ಬರ್ನ್ ಒಪ್ಪಂದ ಆಯಿತು. 1908ರಲ್ಲಿ ಬರ್ಲಿನ್‌ನಲ್ಲಿ ಅದನ್ನು ತಿದ್ದಿದಾಗ, ಹಕ್ಕಿಗಾಗಿ ನೋಂದಣಿಯಂಥ ವಿಧಿಗಳು ಬೇಕಿಲ್ಲ ಅಂತಲೂ ಸೇರಿತು. ಇವತ್ತು 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಹಾಗಾಗಿ ನೀವು ಫ್ರೀಲ್ಯಾನ್ಸ್ ಆಗಿ ಬರೆದದ್ದು, ಬೇರೆ ಕರಾರು ಇಲ್ಲದಿದ್ದರೆ, ಬರೆದ ಹೊತ್ತಿನಿಂದಲೇ ನಿಮ್ಮದು. ಪತ್ರಿಕೆಗೆ ಕೊಡುವುದು ಅದನ್ನು ಬಳಸುವ ಅನುಮತಿ. ಮೊದಲು ಪ್ರಕಟಿಸುವ ಹಕ್ಕು ಮಾತ್ರ ಕೊಟ್ಟರೆ ಆಮೇಲೆ ಅದೇ ಲೇಖನ ಅನುವಾದವಾಗಬಹುದು, ಬೇರೆ ಕಡೆ ಮರುಮುದ್ರಣ ಆಗಬಹುದು, ಪುಸ್ತಕಕ್ಕೆ ಸೇರಬಹುದು. ಎಲ್ಲಾ ಹಕ್ಕು ಬರೆದುಕೊಟ್ಟರೆ ನಿಮ್ಮದೇ ಲೇಖನವನ್ನು ಬಳಸಲು ನೀವೇ ಅವರನ್ನು ಕೇಳಬೇಕು.

ಇದು ಎಷ್ಟು ದೊಡ್ಡ ಜಗಳ ಅನ್ನುವುದಕ್ಕೆ ಅಮೆರಿಕದ ತಾಸಿನಿ ಪ್ರಕರಣ ನೋಡಿ. 1993ರಲ್ಲಿ ಆರು ಜನ ಫ್ರೀಲ್ಯಾನ್ಸ್ ಬರಹಗಾರರು ಕೋರ್ಟಿಗೆ ಹೋದರು. ಅಚ್ಚಿಗೆ ಅಂತ ಕೊಟ್ಟ ಲೇಖನಗಳನ್ನು ಪತ್ರಿಕೆಗಳು ಕೇಳದೆಯೇ ಎಲೆಕ್ಟ್ರಾನಿಕ್ ಡೇಟಾಬೇಸ್‌ಗಳಿಗೆ ಕೊಟ್ಟಿದ್ದವು. 2001ರಲ್ಲಿ ಸುಪ್ರೀಂ ಕೋರ್ಟ್ 7-2ರ ತೀರ್ಪಿನಲ್ಲಿ ಬರಹಗಾರರ ಪರ ನಿಂತಿತು. ಗೆದ್ದರು, ಸರಿ. ಇದೇ ವಿಷಯಕ್ಕೆ ಬರಹಗಾರರು ಸಾಮೂಹಿಕವಾಗಿ ಹೂಡಿದ ಇನ್ನೊಂದು ದಾವೆಯಲ್ಲಿ ಪರಿಹಾರದ ಹಣ ಅವರ ಕೈ ಸೇರಿದ್ದು 2018ರಲ್ಲಿ! ಈ ನಡುವೆ ಪ್ರಕಾಶಕರು ಜಾಣರಾದರು. ಎಲ್ಲಾ ಮಾಧ್ಯಮ, ಎಲ್ಲಾ ಕಾಲ, ಎಲ್ಲಾ ದೇಶ ಅನ್ನುವ ಸಾಲು ಕರಾರುಗಳಲ್ಲಿ ಮಾಮೂಲಾಯಿತು. ಈಗ ಅದರ ಪಕ್ಕಕ್ಕೆ ಎಐ (ಕೃತಕ ಬುದ್ಧಿಮತ್ತೆ) ತರಬೇತಿಗೆ ಬಳಸುವ ಹಕ್ಕಿನ ಸಾಲೂ ಬರತೊಡಗಿದೆ. ಇದನ್ನು ತೆಗೆಯಬಹುದೇ ಅಂತ ಒಂದು ಸಾಲಿನ ಮೇಲ್ ಹಾಕಿದರೆ ಕೆಲವೊಮ್ಮೆ ಅವರ ಬಳಿ ಇನ್ನೊಂದು ಮೃದುವಾದ ಕರಾರು ಸಿದ್ಧವಾಗಿಯೇ ಇರುತ್ತದೆ. ಕೇಳಿದವರಿಗೆ ಅಂತ ಇಟ್ಟಿರುವ ಕರಾರು ಅದು.

ಇನ್ನೆರಡು ಸಾಲು ಹುಡುಕಿ. ಒಂದು ಕಿಲ್ ಫೀ. ಒಪ್ಪಿ ಬರೆಸಿಕೊಂಡ ಲೇಖನವನ್ನು ಕೊನೆಗೆ ಕೈಬಿಟ್ಟರೆ ಕೊಡುವ ಹಣ. ಒಪ್ಪಿದ ಮೊತ್ತದ ಕಾಲು ಭಾಗ ಅನ್ನುವುದು ಬಹಳ ಕಡೆ ಕಾಣುವ ಪ್ರಮಾಣ. ಇನ್ನೊಂದು, ಹಣ ಯಾವಾಗ: ಲೇಖನ ಒಪ್ಪಿದ ಮೇಲೋ, ಪ್ರಕಟವಾದ ಮೇಲೋ? ಓದಲು ಸಣ್ಣ ವ್ಯತ್ಯಾಸ. ಪ್ರಕಟವಾದ ಮೇಲೆ ಅಂದರೆ ನಿಮ್ಮ ಲೇಖನ ಜನವರಿಯಲ್ಲಿ ಮುಗಿದು, ಮೇಯಿಂದ ಜುಲೈಗೆ, ಜುಲೈಯಿಂದ ಮುಂದಿನ ಸಂಚಿಕೆಗೆ ಜರುಗುತ್ತಾ ಹೋದರೆ ನಿಮ್ಮ ದುಡ್ಡೂ ಅದರ ಹಿಂದೆಯೇ ಜರುಗುತ್ತದೆ. ಒಂದು ಪತ್ರಿಕೆಯವರು ನನ್ನ ಲೇಖನವನ್ನು ಬಹಳ ಮೆಚ್ಚಿ, ವಿಶೇಷ ಸಂಚಿಕೆಗೆ ಅಂತ ಎತ್ತಿಟ್ಟರು. ವಿಶೇಷ ಸಂಚಿಕೆ ಬರಲೇ ಇಲ್ಲ. ಮೆಚ್ಚುಗೆಯ ಮೇಲ್ ಇನ್ನೂ ನನ್ನ ಬಳಿ ಇದೆ.

ದುಡ್ಡು ವಸೂಲಿ ಬಗ್ಗೆ ಒಂದು ಗುಟ್ಟು. ಹೆಚ್ಚಿನ ಸಲ ಸಂಪಾದಕರು ತಡ ಮಾಡುವುದಿಲ್ಲ. ಬಿಲ್ ಯಾವುದೋ ಫಾರಂಗಾಗಿ ಕಾಯುತ್ತಾ ಲೆಕ್ಕ ವಿಭಾಗದಲ್ಲಿ ಬಿದ್ದಿರುತ್ತದೆ. ನಿಮ್ಮನ್ನು ಅವರ ವೆಂಡರ್ (ಹಣ ಕೊಡಬೇಕಾದವರ) ಪಟ್ಟಿಗೆ ಸೇರಿಸಿರುವುದಿಲ್ಲ, ಬ್ಯಾಂಕ್ ವಿವರ ಬೇಕಿರುತ್ತದೆ, ಇನ್‌ವಾಯ್ಸ್‌ಗೆ, ಅಂದರೆ ನೀವು ಕಳಿಸಿದ ಬಿಲ್ಲಿಗೆ, ನಂಬರ್ ಇರುವುದಿಲ್ಲ. ಹಾಗಾಗಿ ಕೆಲಸ ಒಪ್ಪಿದ ದಿನವೇ ಕೇಳಿ: ಇನ್‌ವಾಯ್ಸ್ ಯಾರಿಗೆ ಕಳಿಸಬೇಕು, ಯಾವ ಫಾರಂ ಬೇಕು, ಎಷ್ಟು ದಿನಕ್ಕೆ ಪಾವತಿ? ಲೇಖನದ ಜೊತೆಗೇ ಇನ್‌ವಾಯ್ಸ್ ಹೋಗಲಿ. ನಂಬರ್, ತಾರೀಕು, ಕೊಡಬೇಕಾದ ಕೊನೆಯ ದಿನ, ಮೂರೂ ಇರಲಿ. ಆ ದಿನ ದಾಟಿದ ಮರುದಿನ ನೆನಪಿಸಿ. "ದಯವಿಟ್ಟು ತಪ್ಪು ತಿಳಿಯಬೇಡಿ" ಅಂತ ಶುರು ಮಾಡಬೇಡಿ. ಇನ್‌ವಾಯ್ಸ್ ನಂಬರ್ ಇಷ್ಟು, ನಿನ್ನೆಗೆ ಗಡುವು ಮುಗಿದಿದೆ, ಪಾವತಿ ಯಾವ ದಿನ ಆಗುತ್ತದೆ ತಿಳಿಸಿ. ಇಷ್ಟೇ. ದಮ್ಮಯ್ಯ ಅನ್ನುವ ಅಗತ್ಯವೂ ಇಲ್ಲ, ಜಗಳವೂ ಬೇಡ.

ಇದು ಬರೀ ನಮ್ಮ ನಮ್ಮ ಗೊಣಗಾಟ ಅಲ್ಲ. ನ್ಯೂಯಾರ್ಕ್ ನಗರ ಇದಕ್ಕಾಗಿಯೇ ಕಾನೂನು ಮಾಡಿತು, 2017ರ ಮೇ ತಿಂಗಳಿಂದ ಜಾರಿಯಲ್ಲಿದೆ. 800 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಫ್ರೀಲ್ಯಾನ್ಸ್ ಕೆಲಸಕ್ಕೆ ಲಿಖಿತ ಕರಾರು ಇರಲೇಬೇಕು. ಕರಾರಿನಲ್ಲಿ ದಿನ ಹೇಳದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಕೊಡಬೇಕು. ಬ್ರಿಟನ್‌ನಲ್ಲಿ 1998ರಿಂದಲೇ ಒಂದು ಕಾನೂನು ಇದೆ. ಅದರ ಪ್ರಕಾರ ತಡವಾದ ವ್ಯಾಪಾರದ ಬಾಕಿಯ ಮೇಲೆ, ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಮೂಲ ದರಕ್ಕೆ ಶೇಕಡಾ 8 ಸೇರಿಸಿ ಬಡ್ಡಿ ಕೇಳಬಹುದು. ಅಂಥ ಕಾನೂನು ನಿಮಗೆ ಅನ್ವಯಿಸಲಿ ಬಿಡಲಿ, ಬಾಕಿ ಕೇಳುವುದು ಸಣ್ಣತನ ಅಲ್ಲ ಅನ್ನುವುದಾದರೂ ಮನಸ್ಸಿಗೆ ಬರಲಿ.

ಕಾನೂನು ಎಡವಿದ್ದೂ ಉಂಟು. ಕ್ಯಾಲಿಫೋರ್ನಿಯಾ 2019ರಲ್ಲಿ ದುಡಿಯುವವರನ್ನು ಕಾಪಾಡಲು ಒಂದು ಕಾನೂನು ತಂದಿತು. ಫ್ರೀಲ್ಯಾನ್ಸ್ ಬರಹಗಾರರು ಒಂದು ಸಂಸ್ಥೆಗೆ ವರ್ಷಕ್ಕೆ 35ಕ್ಕಿಂತ ಹೆಚ್ಚು ಬರಹ ಕೊಟ್ಟರೆ ಅವರನ್ನು ಸ್ವತಂತ್ರರೆಂದು, ಅಂದರೆ ನೌಕರರಲ್ಲ ಅಂತ, ಪರಿಗಣಿಸಲು ಅಡ್ಡಿಯಾಗುತ್ತಿತ್ತು. ವಾರಕ್ಕೊಂದು ಅಂಕಣ ಬರೆಯುವವರಿಗೇ ಅದು ಸಾಲದು. ನೌಕರಿ ಕೊಡಲಿ ಅಂತ ಮಾಡಿದ್ದು, ಇದ್ದ ಕೆಲಸವನ್ನೂ ಕಳೆಯಿತು ಅಂತ ಬರಹಗಾರರು ಗಲಾಟೆ ಎಬ್ಬಿಸಿದರು, ಕೋರ್ಟಿಗೂ ಹೋದರು. 2020ರ ಸೆಪ್ಟೆಂಬರ್‌ನಲ್ಲಿ ಆ ಮಿತಿ ತೆಗೆದುಹಾಕಿದರು.

ಇಷ್ಟೆಲ್ಲ ದುಡ್ಡಿನ ಮಾತಾಡಿದ ಮೇಲೆ, ಕೇಳುವುದರಲ್ಲಿ ಖುಷಿ ಕೊಡುವ ಭಾಗವನ್ನೂ ಹೇಳಬೇಕು. ಲೇಖನಕ್ಕಾಗಿ ಜನರನ್ನು ಪ್ರಶ್ನೆ ಕೇಳುವುದು. ಸಂಪಾದಕರಿಗೆ ಮೇಲ್ ಹಾಕಲು ಅಂಜುವವರೇ ಇಲ್ಲಿ ಬೇರೆ ಮನುಷ್ಯರಾಗುತ್ತಾರೆ. ಒಬ್ಬ ವಿಜ್ಞಾನಿಗೆ "ನನಗೆ ಇದು ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ" ಅಂದಾಗ ಅವರು ಎರಡನೇ ಸಲ ಹೇಳುವುದು ಯಾವಾಗಲೂ ಮೊದಲಿಗಿಂತ ಚೆನ್ನಾಗಿರುತ್ತದೆ, ಲೇಖನಕ್ಕೆ ಹೋಗುವುದು ಅದೇ. ಮಾತು ಮುಗಿಯಿತು ಅನ್ನುವಾಗ "ನಾನು ಕೇಳಬೇಕಾಗಿದ್ದು, ಕೇಳದೇ ಬಿಟ್ಟದ್ದು ಏನಾದರೂ ಇದೆಯೇ?" ಅಂತ ಕೇಳಿ. ಆಮೇಲೆ ರೆಕಾರ್ಡರ್ ಆಫ್ ಮಾಡಲು ಅವಸರ ಬೇಡ. ಎಷ್ಟೋ ಲೇಖನಗಳ ಜೀವ ಅಲ್ಲಿಂದ ಬಂದಿದೆ. 2022ರ ನವೆಂಬರ್‌ನಲ್ಲಿ, ಕೇಳಿದ್ದನ್ನು ತಾನೇ ಬರೆದುಕೊಡುವ ಎಐ ಚಾಟ್‌ಜಿಪಿಟಿ ಬಂದ ಮೇಲೆ, ನಾಲ್ಕು ಲೇಖನ ಓದಿ ಐದನೆಯದು ಬರೆಯುವ ಅಗ್ಗದ ಕೆಲಸ ನನ್ನ ಸುತ್ತಲಿನವರಿಗೆ ಸಿಗುವುದು ಕಡಿಮೆಯಾಗಿದೆ. ಅದರಿಂದಲೇ ಶುರು ಮಾಡಬೇಕೆಂದಿದ್ದ ಹೊಸಬರಿಗೆ ಇದು ನಿಜವಾದ ಪೆಟ್ಟು, ಅದನ್ನು ಸಿಹಿ ಮಾಡಿ ಹೇಳಲಾರೆ. ಯಾರ ಹತ್ತಿರವೂ ಹೋಗದೆ ಬರೆಯುವವರಿಗೆ ಇದು ಹೆಚ್ಚು ಕಷ್ಟದ ಕಾಲ.

ನೌಕರಿ ಬಿಡಲೇ ಅಂತ ಕೇಳಿದರೆ, ಸದ್ಯಕ್ಕೆ ಬೇಡ ಅನ್ನುತ್ತೇನೆ. ಕೈಯಲ್ಲಿ ಕೆಲವು ತಿಂಗಳ ಖರ್ಚು ಇಲ್ಲದವರಿಗೆ ದರ ಹೇಳಿ ಸುಮ್ಮನಿರಲು ಆಗುವುದಿಲ್ಲ. ಬಾಡಿಗೆ ಕಟ್ಟುವ ದಿನ ಹತ್ತಿರ ಬಂದಾಗ ಎಲ್ಲಾ ಹಕ್ಕೂ ಬರೆದುಕೊಡುತ್ತೇವೆ. ಒಂದೇ ಗಿರಾಕಿಯಿಂದ ಮುಕ್ಕಾಲು ಆದಾಯ ಬರುತ್ತಿದ್ದರೂ ಹಾಗೆಯೇ, ಅಲ್ಲಿ ಏನನ್ನೂ ಕೇಳಲು ಬಾಯಿ ಬಾರದು.

ಹೀಗೆ ಒಂದೆರಡು ವರ್ಷ ನಡೆಸಿದವರು ಕೇಳಲೇಬೇಕಾದ್ದು ಒಂದಿದೆ, ಹಳೆಯ ಗಿರಾಕಿಗಳಿಂದ ಹೊಸ ದರ. ಅವರಾಗಿಯೇ ಏರಿಸುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಮುಂದಿನ ವರ್ಷದಿಂದ ನನ್ನ ದರ ಇಷ್ಟು, ಈಗ ಒಪ್ಪಿರುವ ಕೆಲಸಗಳಿಗೆ ಹಳೆಯ ದರವೇ ಅಂತ ಎರಡು ಸಾಲು ಸಾಕು. ಕಾರಣ ಹೇಳುತ್ತಾ ಹೋದಷ್ಟೂ ಚರ್ಚೆಗೆ ಬಾಗಿಲು ತೆಗೆದಂತೆ. ಇಬ್ಬರು ಒಪ್ಪುತ್ತಾರೆ, ಒಬ್ಬರು ಚೌಕಾಸಿ ಮಾಡುತ್ತಾರೆ, ಒಬ್ಬರು ಉತ್ತರವನ್ನೇ ಕೊಡುವುದಿಲ್ಲ. ಉತ್ತರ ಕೊಡದವರಿಗೆ ಎರಡು ವಾರ ಬಿಟ್ಟು ಇನ್ನೊಂದು ಮೇಲ್ ಹಾಕಿ. ಆದಷ್ಟು ಅವರ ಮುಂದಿನ ಬಜೆಟ್ ಅಂತಿಮವಾಗುವ ಮೊದಲೇ ಹಾಕಿ.